ಗಟ್ಟಿ ಬೀಮನ್ನು ಬೇಕಂತಲೇ ಕೊರೆಸಿದ್ದು

ಕಟ್ಟಡಗಳ ಭೂಕಂಪ ವಿನ್ಯಾಸದ ಭಾರತೀಯ ಮಾನದಂಡವಾದ ಐಎಸ್ 1893ರ 2016ರ ಆವೃತ್ತಿಯ ಪ್ರಕಾರ ಧಾರವಾಡ ಮೂರನೇ ಭೂಕಂಪ ವಲಯದಲ್ಲಿದೆ, ಅಂದರೆ ಮಧ್ಯಮ ಅಪಾಯದ ವಲಯ. ಹುಬ್ಬಳ್ಳಿಯಲ್ಲಿ ನಾನು ಸ್ಟೀಲ್ ಫ್ರೇಮ್ ಡಿಸೈನ್ ಮಾಡಿದ ಷೋರೂಮಿನ ಮಾಲೀಕರಿಗೆ ಮುಂಭಾಗವೆಲ್ಲ ಗಾಜೇ ಬೇಕಿತ್ತು, ಅಡ್ಡ ಬ್ರೇಸಿಂಗ್ (ಕಾಲಂಗಳ ನಡುವೆ ಓರೆಯಾಗಿ ಕೊಡುವ ಆಧಾರ) ಬೇಡವೇ ಬೇಡ. ಹಾಗಾಗಿ ಭೂಕಂಪದ ಭಾರವೆಲ್ಲ ಬೀಮು-ಕಾಲಂ ಸೇರುವ ಜಾಗಕ್ಕೇ ಬಿತ್ತು.

1994ರ ಜನವರಿ 17ರಂದು ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್‌ನಲ್ಲಿ ಕೈಕೊಟ್ಟದ್ದು ಇದೇ ಜಾಗ. ಬಾಗಬೇಕಿದ್ದ ಬೀಮುಗಳು ಬಾಗದೆ, ಹೆಚ್ಚಾಗಿ ಕೆಳ ಫ್ಲ್ಯಾಂಜಿನ (‘I’ ಆಕಾರದ ಬೀಮಿನ ಮೇಲೂ ಕೆಳಗೂ ಇರುವ ಅಗಲ ಪಟ್ಟಿಯೇ ಫ್ಲ್ಯಾಂಜ್) ವೆಲ್ಡಿಂಗಿನಲ್ಲಿ ಬಿರುಕು ಬಿಟ್ಟವು. ಆಮೇಲೆ ಬಳಕೆಗೆ ಬಂದ ಜೋಡಣೆಗಳಲ್ಲಿ ನನಗೆ ಹಿಡಿಸಿದ್ದು ಡಾಗ್‌ಬೋನ್: ಕಾಲಂನಿಂದ ತುಸು ದೂರದಲ್ಲಿ ಫ್ಲ್ಯಾಂಜನ್ನು ಎರಡೂ ಬದಿ ಕಮಾನಿನಂತೆ ಕೊರೆದು, ವೆಲ್ಡಿಂಗ್ ಉಳಿಯಲೆಂದು ಬೀಮು ಅಲ್ಲೇ ಬಾಗುವಂತೆ ಮಾಡುವುದು.

ನಮ್ಮದು ಐಎಸ್‌ಎಂಬಿ 450, ಅಂದರೆ 450 ಮಿ.ಮೀ. ಎತ್ತರದ ಬೀಮು, ಫ್ಲ್ಯಾಂಜ್ ಅಗಲ 150 ಮಿ.ಮೀ. ಕಾಲಂ ಮುಖದಿಂದ 90 ಬಿಟ್ಟು, 340 ಉದ್ದಕ್ಕೆ, ಪ್ರತಿ ಬದಿ 30 ಆಳ. ಕೊರೆದ ಕಮಾನಿನ ತ್ರಿಜ್ಯ ಸುಮಾರು 497. ಅಲ್ಲಿ ಬಾಗುವ ಸಾಮರ್ಥ್ಯ ಸುಮಾರು 30% ಇಳಿಯುತ್ತದೆ. ಫ್ರೇಮಿನ ಓಲಾಟ ಹೆಚ್ಚುವುದು ಮಾತ್ರ 10%ರೊಳಗೆ.

“ಸಾಹೇಬ್ರ, ರೊಕ್ಕಾ ಕೊಟ್ಟು ತಂದ ಗಟ್ಟಿ ಬೀಮ್ ಯಾಕ ಕೊರಸ್ತೀರಿ?” ಅಂದರು ಫ್ಯಾಬ್ರಿಕೇಶನ್ ಮೇಸ್ತ್ರಿ. ಅವರ ಶೆಡ್ಡಿನಲ್ಲೇ ಟ್ರ್ಯಾಕ್ಟರ್ ಸಾಮಾನೂ ರಿಪೇರಿಯಾಗುತ್ತವೆ. “ರೋಟಾವೇಟರಿಗೆ ಶಿಯರ್ ಬೋಲ್ಟ್ ಯಾಕ ಹಾಕ್ತೀರಿ?” ಅಂದೆ. “ಗೇರ್‌ಬಾಕ್ಸ್ ಉಳೀಲಿ ಅಂತ್ರೀ” ಅಂದವರೇ ನಕ್ಕರು. ಹೋಲಿಕೆ ಪೂರ್ತಿ ಒಪ್ಪುವುದಿಲ್ಲ ಬಿಡಿ. ಬೋಲ್ಟು ತುಂಡಾಗುತ್ತದೆ, ಬೀಮು ತುಂಡಾಗದೆ ಅತ್ತಿತ್ತ ಬಾಗುತ್ತಲೇ ಶಕ್ತಿ ಹೀರಬೇಕು.

ಲೆಕ್ಕಕ್ಕಿಂತ ಕೊರೆಯುವುದೇ ಕಷ್ಟ. ಜಿಐ ಶೀಟಿನ ಟೆಂಪ್ಲೇಟ್ ಇಟ್ಟು ಗುರುತು ಹಾಕಿಸಿದೆ. ಕೈಯಲ್ಲಿ ಗ್ಯಾಸ್ ಕಟಿಂಗ್ ಮಾಡಿದರೆ ಅಂಚಿನಲ್ಲಿ ಗೀರು ಉಳಿಯುತ್ತವೆ, ಬಿರುಕು ಹುಟ್ಟುವುದೇ ಅಲ್ಲಿಂದ. ಅದಕ್ಕೆ ಗ್ರೈಂಡಿಂಗ್ ಮಾಡಲೇಬೇಕು, ಅದೂ ಬೀಮಿನ ಉದ್ದಕ್ಕೆ, ಅಡ್ಡಲಾಗಿ ಅಲ್ಲ. ಕೆಳ ಫ್ಲ್ಯಾಂಜಿನ ವೆಲ್ಡಿಂಗಿಗೆ ಅಡಿಯಲ್ಲಿ ಆಧಾರವಾಗಿ ಕೊಟ್ಟ ಬ್ಯಾಕಿಂಗ್ ಪಟ್ಟಿಯನ್ನೂ ತೆಗೆಸಿ, ಬುಡಕ್ಕೆ ಮತ್ತೆ ವೆಲ್ಡ್ ಹಾಕಿಸಿ, ಒಳಗಿನ ದೋಷ ಹುಡುಕುವ ಅಲ್ಟ್ರಾಸೋನಿಕ್ ಪರೀಕ್ಷೆ ಮಾಡಿಸಿದೆ. ಈ ಖರ್ಚಿಗೆ ಮಾಲೀಕರು ಗೊಣಗಿದರು, ನಾನು ಬಗ್ಗಲಿಲ್ಲ.

ಕೊರೆದ ಭಾಗಕ್ಕೆ ಕೆಂಪು ಬಣ್ಣ ಬಳಿಸಿ, ಯಾರೂ ಏನನ್ನೂ ವೆಲ್ಡ್ ಮಾಡಬಾರದೆಂದು ಹೇಳಿದ್ದೆ. ಆದರೂ ಸೀಲಿಂಗಿನವರು ಅಲ್ಲೇ ಒಂದು ಆಂಗಲ್ಲಿಗೆ ಟ್ಯಾಕ್ (ಚಿಕ್ಕ ವೆಲ್ಡ್) ಹಾಕಿಬಿಟ್ಟಿದ್ದರು. ಬಿಡಿಸಿ, ಉಜ್ಜಿಸಿ, ಬಿರುಕಿಲ್ಲವೆಂದು ಡೈ ಪೆನೆಟ್ರಂಟ್ (ಬಿರುಕಿಗಿಳಿದು ಅದನ್ನು ತೋರಿಸುವ ಬಣ್ಣ) ಹಾಕಿ ಖಾತ್ರಿ ಮಾಡಿಕೊಂಡೆವು. ಆಮೇಲೆ ಡಕ್ಟು, ಸೀಲಿಂಗುಗಳ ಹ್ಯಾಂಗರುಗಳನ್ನೆಲ್ಲ ಸ್ಲ್ಯಾಬಿನಿಂದಲೇ ಇಳಿಬಿಡಿಸಿದೆ.