ಒಂದೂ ವಾಕ್‌ಓವರ್ ಕೊಡದ ಸೀಸನ್: ನ್ಯೂಯಾರ್ಕ್ ಭಾನುವಾರದ ಲೀಗ್‌ನಲ್ಲಿ ನನ್ನ ಅನುಭವ

ಹೋದ ಸೀಸನ್‌ನಲ್ಲಿ ನಮ್ಮ ಫುಟ್‌ಬಾಲ್ ಟೀಮ್ 18 ಪಂದ್ಯ ಆಡಿತು. ಹದಿನೆಂಟಕ್ಕೂ ಹನ್ನೊಂದು ಜನ ಮೈದಾನದಲ್ಲಿದ್ದರು, ಬೆಂಚಿನ ಮೇಲೆ ಕಡಿಮೆ ಅಂದರೂ ನಾಲ್ಕು ಜನ ಇದ್ದರು. ಒಂದೂ ವಾಕ್‌ಓವರ್ ಕೊಡಲಿಲ್ಲ, ಅಂದರೆ ಜನ ಸಾಲದೆ ಎದುರು ಟೀಮಿಗೆ ಬಿಟ್ಟುಕೊಟ್ಟ ಪಂದ್ಯ ಒಂದೂ ಇಲ್ಲ. ಭಾನುವಾರದ ಲೀಗ್‌ನಲ್ಲಿ ಟೀಮ್ ನಡೆಸಿದವರಿಗೆ ಇದರ ಬೆಲೆ ಗೊತ್ತು, ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಆಡುವುದು ನ್ಯೂಯಾರ್ಕ್‌ನ ಕಾಸ್ಮೊಪಾಲಿಟನ್ ಸಾಕರ್ ಲೀಗ್‌ನಲ್ಲಿ, ಕೆಳಗಿನ ಡಿವಿಷನ್. 1923ರಲ್ಲಿ ಜರ್ಮನ್ ವಲಸಿಗರ ಕ್ಲಬ್‌ಗಳು ಕಟ್ಟಿದ ಲೀಗ್ ಇದು. 1977ರವರೆಗೆ ಹೆಸರಲ್ಲೇ ಜರ್ಮನ್-ಅಮೆರಿಕನ್ ಅಂತ ಇತ್ತು. ಆಮೇಲೆ ಗ್ರೀಕರು, ಸೈಪ್ರಸ್‌ನವರು, ಉಕ್ರೇನಿನವರು, ಹಂಗೇರಿಯವರು, ಕ್ರೊಯೇಷಿಯಾದವರು, ಐರ್ಲೆಂಡಿನವರು ಒಬ್ಬೊಬ್ಬರಾಗಿ ತಮ್ಮ ಕ್ಲಬ್ ಹಿಡಿದುಕೊಂಡು ಬಂದರು. ಅವರ ನಡುವೆ ನಾವು. ಶುರುವಿನಲ್ಲಿ ಕನ್ನಡದವರು ಒಂಬತ್ತು ಜನ, ಮಲಯಾಳಿಗಳು ನಾಲ್ಕು ಜನ, ಗೋವಾದವರು ಇಬ್ಬರು. ನಾನು ಆಡಿ ಬೆಳೆದದ್ದು ಮಂಗಳೂರಿನ ನೆಹರೂ ಮೈದಾನದಲ್ಲಿ, ಜುಲೈ ಮಳೆಯ ಕೆಸರಲ್ಲಿ. ಅಲ್ಲಿ ಜನ ಸೇರಿಸುವುದು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಚೆಂಡು ಹಿಡಿದು ನಿಂತರೆ ಹತ್ತು ನಿಮಿಷಕ್ಕೆ ಇಪ್ಪತ್ತು ಜನ ಬರುತ್ತಿದ್ದರು.

ಇಲ್ಲಿ ಹಾಗಲ್ಲ. ಮೊದಲ ಎರಡು ವರ್ಷದಲ್ಲಿ ಐದು ವಾಕ್‌ಓವರ್ ಕೊಟ್ಟೆವು. ಪ್ರತಿ ಸಲ ಪಾಯಿಂಟೂ ಹೋಯಿತು, 200 ಡಾಲರ್ ಹತ್ತಿರ ದಂಡವೂ ಬಿತ್ತು. ಕಾರಣ ಕೇಳಿದರೆ ಎಲ್ಲರದ್ದೂ ನಿಜವೇ. ಸೆಪ್ಟೆಂಬರ್‌ನಲ್ಲಿ ಕ್ರಿಕೆಟ್ ಇನ್ನೂ ಮುಗಿದಿರುವುದಿಲ್ಲ, ಗಣೇಶನ ಹಬ್ಬ ಬೇರೆ. ಅಕ್ಟೋಬರ್‌ನಲ್ಲಿ ದಸರಾ, ದೀಪಾವಳಿ. ನವೆಂಬರ್‌ನಲ್ಲಿ ಕನ್ನಡ ಕೂಟದ ರಾಜ್ಯೋತ್ಸವ, ಅದರ ನಾಟಕದ ಪ್ರಾಕ್ಟೀಸು. ಇನ್ನು ವಾರಾಂತ್ಯ ಬಂತು ಅಂದರೆ ಸಬ್‌ವೇ ರೈಲಿನ ರಿಪೇರಿ. 7ನೇ ನಂಬರ್ ರೈಲು ನಂಬಿಕೊಂಡು ಎಷ್ಟು ಜನ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಪ್ಲಾಟ್‌ಫಾರ್ಮಿನಲ್ಲಿ ಬೂಟು ಹಾಕಿಕೊಂಡೇ ಕೂತಿದ್ದರು ಅನ್ನೋದು ನನ್ನ ವಾಟ್ಸಾಪಿಗೆ ಗೊತ್ತು.

ಎಲ್ಲಕ್ಕಿಂತ ಕೆಟ್ಟದ್ದು ಎರಡನೇ ವರ್ಷದ ಮಾರ್ಚ್. ಮಾರ್ಚ್‌ನ ಎರಡನೇ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಬೆಳಗ್ಗೆ 9ಕ್ಕೆ ಪಂದ್ಯ. ಅಂದರೆ ಮೈಗೆ ಅದು 8 ಗಂಟೆ. 9 ಗಂಟೆಗೆ ಆರು ಜನ ಇದ್ದೆವು. ಏಳು ಜನ ಇಲ್ಲದೆ ಪಂದ್ಯ ಶುರು ಮಾಡುವ ಹಾಗಿಲ್ಲ. ರೆಫರಿ ಹದಿನೈದು ನಿಮಿಷ ಕಾದರು, ಸೀಟಿ ಊದಿದರು, ತಮ್ಮ ಫೀ ಎಣಿಸಿಕೊಂಡು ಹೋದರು. ನಮ್ಮ ಏಳನೆಯವನು ಪಂದ್ಯ ಇದ್ದ ರಾಂಡಲ್ಸ್ ಐಲ್ಯಾಂಡ್ ದ್ವೀಪದಲ್ಲೇ ಇದ್ದ! ಅಲ್ಲಿ 60ಕ್ಕೂ ಜಾಸ್ತಿ ಮೈದಾನ ಇವೆ, ಅವನು ಬೇರೆ ನಂಬರಿನ ಮೈದಾನಕ್ಕೆ ಹೋಗಿ ನಿಂತಿದ್ದ. ಬ್ಯಾಗು ಹೊತ್ತು ಓಡಿಕೊಂಡು ಬರುವಾಗ ನಾವು ನೆಟ್ ಬಿಚ್ಚುತ್ತಿದ್ದೆವು. ಆ ಹುಡುಗನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತು ಮನೆಗೆ ಹೋಗುವ ದಾರಿಯಲ್ಲೇ ತೀರ್ಮಾನ ಮಾಡಿದೆ, ಮುಂದಿನ ಸೀಸನ್ ಹೀಗೆ ನಡೆಸಲ್ಲ ಅಂತ.

ದುಡ್ಡಿನ ಲೆಕ್ಕದಿಂದ ಶುರು ಮಾಡಿದೆ. ಅಲ್ಲಿವರೆಗೆ ನಮ್ಮದು ಪಂದ್ಯಕ್ಕೆ ತಲೆಗೆ 20 ಡಾಲರ್ ಪದ್ಧತಿ. ಬಂದವನು ಕೊಡುತ್ತಾನೆ, ಬಾರದವನು ಕೊಡಲ್ಲ. ಇದರಲ್ಲಿ ಶಿಕ್ಷೆ ಆಗುತ್ತಿದ್ದದ್ದು ಬಂದವನಿಗೆ! ಎಂಟು ಜನ ಬಂದ ದಿನ ರೆಫರಿ ಫೀ ಕೊಟ್ಟರೆ ಮೈದಾನಕ್ಕೆ ಇಲ್ಲ, ಮೈದಾನಕ್ಕೆ ಕೊಟ್ಟರೆ ರೆಫರಿಗೆ ಇಲ್ಲ. ಮೊದಲ ವರ್ಷ ನನ್ನ ಕೈಯಿಂದ 1,900 ಡಾಲರ್ ಹತ್ತಿರ ಹೋಯಿತು. ಕ್ರೆಡಿಟ್ ಕಾರ್ಡಿನ ಬಿಲ್ ನೋಡಿ ನನ್ನ ಹೆಂಡತಿ ಕೇಳಿದಳು, "ರೀ, ಇದು ಟೀಮಾ, ಇಲ್ಲ ನಮ್ಮ ಎರಡನೇ ಮಗುವಾ?"

ಹೊಸ ಪದ್ಧತಿ ಹೀಗೆ. ಇಡೀ ಸೀಸನ್ನಿನ ಫೀ 350 ಡಾಲರ್, ಆಗಸ್ಟ್ 15ರೊಳಗೆ ಪೂರ್ತಿ. ಅದರ ಮೇಲೆ 180 ಡಾಲರ್ ಮುಂಗಡ, ಅಂದರೆ ಪಂದ್ಯಕ್ಕೆ 10ರಂತೆ. ಪಂದ್ಯ ಶುರುವಾಗುವ 45 ನಿಮಿಷ ಮೊದಲು ಮೈದಾನದಲ್ಲಿದ್ದರೆ ಅವತ್ತಿನ 10 ನಿನ್ನದು, ಸೀಸನ್ ಕೊನೆಗೆ ವಾಪಸ್. ಆಡಿದೆಯೋ ಬೆಂಚಿನಲ್ಲಿ ಕೂತೆಯೋ ಲೆಕ್ಕಕ್ಕಿಲ್ಲ. ಕಾಲು ಉಳುಕಿಸಿಕೊಂಡವನೂ ಬಂದು ನಿಂತರೆ ಸಿಗುತ್ತದೆ. ಬರಲಿಲ್ಲ ಅಂದರೆ ಆ 10 ಹೋಯಿತು. ಎಲ್ಲಿಗೆ ಹೋಯಿತು ಅನ್ನೋದರಲ್ಲೇ ಇದರ ಜೀವ ಇರೋದು, ಆಮೇಲೆ ಹೇಳುತ್ತೇನೆ.

ನಮ್ಮ ಖಜಾಂಚಿ ದಾವಣಗೆರೆಯವನು, ಲೆಕ್ಕದಲ್ಲಿ ಪಕ್ಕಾ. ಅವನೇ ತಲೆ ಅಲ್ಲಾಡಿಸಿದ. "ಅಣ್ಣಾ, 530 ಡಾಲರ್ ಮೊದಲೇ ಇಡು ಅಂದ್ರೆ ನಮ್ ಜನ ಒಬ್ರೂ ಬರಲ್ಲ. ಅಕ್ಟೋಬರ್‌ಗೆ ಟೀಮ್ ಮುಚ್ಚತೈತಿ" ಅಂದ. ಬೇರೆ ಟೀಮಿನ ಒಬ್ಬ ಹಿರಿಯರು, ಮೂವತ್ತು ವರ್ಷ ಕ್ಲಬ್ ನಡೆಸಿದವರು, "ಭಯದಿಂದ ಯಾರೂ ಆಡೋಕೆ ಬರಲ್ಲ" ಅಂದರು. ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇಬ್ಬರ ಲೆಕ್ಕವೂ ತಪ್ಪಾಯಿತು. ಆಗಸ್ಟ್ 15ಕ್ಕೆ 17 ಜನ ಕೊಟ್ಟಿದ್ದರು, ತಿಂಗಳ ಕೊನೆಗೆ 26. ಕೊಡದೆ ಬಿಟ್ಟುಹೋದವರು ಏಳು ಜನ. ಅವರಲ್ಲಿ ಇಬ್ಬರು ನಮ್ಮ ಒಳ್ಳೇ ಆಟಗಾರರು. ಹೊಟ್ಟೆ ಉರಿಯಿತು, ಆದರೂ ಬಗ್ಗಲಿಲ್ಲ. ಹತ್ತು ಪಂದ್ಯಕ್ಕೆ ಬರುವ ಒಳ್ಳೇ ಸ್ಟ್ರೈಕರ್‌ಗಿಂತ ಹದಿನೆಂಟಕ್ಕೂ ಬರುವ ಸುಮಾರು ಸ್ಟ್ರೈಕರ್ ವಾಸಿ.

ನೆನಪಿರುವಷ್ಟು ಖರ್ಚು ಬರೆಯುತ್ತೇನೆ. ರಿಜಿಸ್ಟ್ರೇಷನ್, ಇನ್ಶೂರೆನ್ಸ್, ಪ್ಲೇಯರ್ ಪಾಸ್ (ಆಟಗಾರನ ಗುರುತಿನ ಚೀಟಿ) ಸೇರಿ 3,200. ರೆಫರಿಗಳ ನಮ್ಮ ಪಾಲು 2,000 ಚಿಲ್ಲರೆ. ಮೈದಾನ, ಪ್ರಾಕ್ಟೀಸ್ ಜಾಗ ಸೇರಿ 2,400. ಜೆರ್ಸಿ ಎರಡು ಬಣ್ಣದ್ದು 900. ಚೆಂಡು, ನೆಟ್, ಐಸ್ ಪ್ಯಾಕು, ಟೇಪು 400 ಹತ್ತಿರ. ಒಟ್ಟು 8,900 ಆಸುಪಾಸು. ಬಂದದ್ದು 9,100. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಜೇಬಿಗೆ ಕೈ ಹೋಗಲಿಲ್ಲ. ಪಾರ್ಕಿನ ಪರ್ಮಿಟ್ಟಿಗೆ ಯಾವಾಗ ಅರ್ಜಿ ಹಾಕಬೇಕು, ಯಾವ ಹೊತ್ತು ಕೇಳಿದರೆ ಸಿಗುತ್ತದೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ಅದೇ ಮೈದಾನಕ್ಕೆ ಅರ್ಜಿ ಹಾಕುವವರು ಇದನ್ನು ಓದುತ್ತಾರೆ ಅಂತ ಗೊತ್ತು.

ಈಗ ಬಾರದವರ ಆ ಹತ್ತು ಡಾಲರ್ ವಿಷಯ. ಅದನ್ನು ಕ್ಲಬ್ಬಿಗೆ ಇಟ್ಟುಕೊಂಡಿದ್ದರೆ ದಂಡ ಆಗುತ್ತಿತ್ತು, ಮನಸ್ತಾಪ ಆಗುತ್ತಿತ್ತು. ನಾವು ಅದನ್ನು ಅವತ್ತೇ ಕಾರು ತಂದವರಿಗೆ ಹಂಚಿದೆವು. ನಾಲ್ಕು ಕಾರು. ಜ್ಯಾಕ್ಸನ್ ಹೈಟ್ಸ್‌ನ 74ನೇ ಬೀದಿ ಸ್ಟೇಷನ್ ಹತ್ತಿರ ಎರಡು, ಕ್ವೀನ್ಸ್‌ನದೇ ಜಮೈಕಾ ಬಡಾವಣೆಯಲ್ಲಿ ಒಂದು, ಲಾಂಗ್ ಐಲ್ಯಾಂಡಿನ ಹಿಕ್ಸ್‌ವಿಲ್‌ನಿಂದ ಒಂದು. ಪಂದ್ಯಕ್ಕೆ ಸರಾಸರಿ ಎಂಟು ಜನ ಬರುತ್ತಿರಲಿಲ್ಲ, ಅಂದರೆ 80 ಡಾಲರ್, ಕಾರಿಗೆ 20. ಪೆಟ್ರೋಲು, ಸೇತುವೆ ಟೋಲು, ಒಂದು ಕಾಫಿ. ಕಾರಿನವರು ನಾಲ್ವರಲ್ಲಿ ಮೂವರು ಒಂದು ಭಾನುವಾರವೂ ತಪ್ಪಿಸಲಿಲ್ಲ. ಕಾರು ತಪ್ಪದಿದ್ದರೆ ಅದರಲ್ಲಿ ಕೂರುವ ನಾಲ್ಕು ಜನವೂ ತಪ್ಪಲ್ಲ ಅಲ್ವಾ? ಸೀಸನ್ ಪೂರ್ತಿ ಹೀಗೆ 1,400 ಚಿಲ್ಲರೆ ಹಂಚಿದೆವು. ಆಟಗಾರರನ್ನು ಕರೆತರುವುದು ಬಿಟ್ಟು ಕಾರುಗಳನ್ನು ಕರೆತಂದೆ ಅಂತಲೇ ನಾನು ಹೇಳೋದು.

ಎರಡನೇ ಜಗಳ ಜನರ ವಿಷಯದಲ್ಲಿ. 26 ಜನ ಎಲ್ಲಿಂದ ತರೋದು? ನೇಪಾಳದ ಐದು ಹುಡುಗರು, ಬಾಂಗ್ಲಾದ ಮೂವರು, ಟಿಬೆಟಿನ ಒಬ್ಬ, ಕರೋನಾ ಬಡಾವಣೆಯ ಈಕ್ವೆಡಾರಿನ ಇಬ್ಬರು ಬಂದರು. ಎಲ್ಲರೂ ನಮ್ಮ ಕಾರಿನ ದಾರಿಯಲ್ಲೇ ಇರುವವರು. "ಹಂಗಾದ್ರೆ ಇದು ನಮ್ ಟೀಮ್ ಹೆಂಗಾಗ್ತದೆ?" ಅಂತ ಹಳಬರು ಮುನಿಸಿಕೊಂಡರು. ನಾನು ಈ ಲೀಗಿನ ಹಳೇ ಕ್ಲಬ್‌ಗಳನ್ನು ತೋರಿಸಿದೆ. ನ್ಯೂಯಾರ್ಕ್ ಗ್ರೀಕ್ ಅಮೆರಿಕನ್ಸ್ 1967, 68, 69 ಸತತ ಮೂರು ವರ್ಷ ಯುಎಸ್ ಓಪನ್ ಕಪ್ (ಇಡೀ ಅಮೆರಿಕದ ಫುಟ್‌ಬಾಲ್ ಕ್ಲಬ್‌ಗಳ ಕಪ್) ಗೆದ್ದವರು. ಸೈಪ್ರಸ್‌ನವರ ಪ್ಯಾನ್‌ಸಿಪ್ರಿಯನ್ ಫ್ರೀಡಮ್ಸ್ 1980, 82, 83ರಲ್ಲಿ ಮೂರು ಸಲ ಗೆದ್ದರು. ಆ ಕ್ಲಬ್‌ಗಳು ಇವತ್ತಿಗೂ ನಡೀತಿರೋದು ಬರೀ ತಮ್ಮ ಊರಿನವರನ್ನೇ ಆಡಿಸಿಕೊಂಡಲ್ಲ. ಬಾವುಟ ಅವರದು, ಊಟ ಅವರದು, ಆಡುವವರು ಎಲ್ಲ ಕಡೆಯವರು. ನಮ್ಮ ಟೀಮಿನಲ್ಲಿ ಈಗ ಹಾಫ್‌ಟೈಮ್ ಮಾತು ಹಿಂದಿಯಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. ಈಕ್ವೆಡಾರಿನ ಹುಡುಗ "ಬಾರೋ ಬಾರೋ" ಅಂತ ಕೂಗಿ ಪಾಸ್ ಕೇಳುತ್ತಾನೆ. ನನಗೆ ಇದಕ್ಕಿಂತ ಇನ್ನೇನು ಬೇಕು.

ಗೋಲ್‌ಕೀಪರ್ ಎಲ್ಲಿ ಸಿಕ್ಕಿದ ಅಂತ ಎಲ್ಲರೂ ಕೇಳುತ್ತಾರೆ. ಹೇಳಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಪಂದ್ಯದ ಬೆಳಗ್ಗೆ ಇಡ್ಲಿ ಕೊಟ್ಟು ನೋಡಿದೆವು. ಎರಡಕ್ಕೆ ನಿಲ್ಲಿಸುವವರು ಯಾರೂ ಇಲ್ಲ, ಇಪ್ಪತ್ತನೇ ನಿಮಿಷಕ್ಕೆ ಎಲ್ಲರ ಕಾಲೂ ಭಾರ. ಮೊಸರವಲಕ್ಕಿಯೂ ಅಷ್ಟೇ. ಕೊನೆಗೆ ನಿಂತದ್ದು ಬಾಳೆಹಣ್ಣು, ಖರ್ಜೂರ, ಹಾಫ್‌ಟೈಮಿಗೆ ಉಪ್ಪು ಬೆಲ್ಲ ಹಾಕಿದ ನಿಂಬೆ ಪಾನಕ. ಹತ್ತು ಲೀಟರಿನ ಕೂಲರಿಗೆ ಎಂಟು ನಿಂಬೆಹಣ್ಣು, ಮೂರು ಅಚ್ಚು ಬೆಲ್ಲ, ಒಂದೂವರೆ ಚಮಚ ಉಪ್ಪು, ಚೂರು ಶುಂಠಿ. ಬಣ್ಣದ ಬಾಟಲಿ ನೀರಿಗೆ ಹೋಗುತ್ತಿದ್ದ ದುಡ್ಡು ಉಳಿಯಿತು. ಎದುರು ಟೀಮಿನವರು ಕೇಳಿ ಕುಡಿದಿದ್ದಾರೆ.

ಉದ್ದ ಕೋಲಿಗೆ ಫೋನ್ ಕಟ್ಟಿ ಪೂರ್ತಿ ಪಂದ್ಯ ವಿಡಿಯೊ ಮಾಡಿದೆವು. ಒಬ್ಬರೂ ನೋಡಲಿಲ್ಲ. ಅದೇ ಮೂರು ನಿಮಿಷಕ್ಕೆ ಕತ್ತರಿಸಿ, ನಾವು ಗೋಲು ತಿಂದ ಜಾಗ ಮಾತ್ರ ಹಾಕಿದರೆ ಬುಧವಾರದ ಪ್ರಾಕ್ಟೀಸಿಗೆ ಎಲ್ಲರೂ ನೋಡಿಕೊಂಡು ಬಂದರು. ಚಳಿಗಾಲದ ಬಿಡುವಿನಲ್ಲಿ ಒಂದು ಶಾಲೆಯ ಜಿಮ್ ಬಾಡಿಗೆಗೆ ಹಿಡಿದು ಫುಟ್ಸಾಲ್ (ಒಳಾಂಗಣದಲ್ಲಿ ಐದೈದು ಜನ ಆಡುವ ಫುಟ್‌ಬಾಲ್) ಆಡಿದೆವು, ಆರು ವಾರಕ್ಕೆ 700 ಡಾಲರ್. ಎರಡು ವಾರ ಬಾಗಿಲೇ ತೆಗೆಯಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಆದರೂ ಮಾರ್ಚ್‌ನಲ್ಲಿ ನಮ್ಮವರ ಮೊದಲ ಟಚ್ ನೋಡಿದಾಗ ಹೋದ ದುಡ್ಡಿಗೆ ಬೇಜಾರಾಗಲಿಲ್ಲ.

ಪದ್ಧತಿ ಗಟ್ಟಿ ಅಂತ ನನಗೆ ಖಾತ್ರಿಯಾದದ್ದು ನವೆಂಬರ್ ಮೊದಲ ಭಾನುವಾರ. ಅವತ್ತು ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಅವತ್ತೇ ನ್ಯೂಯಾರ್ಕ್ ಮ್ಯಾರಥಾನ್. ಕ್ವೀನ್ಸ್‌ಬೊರೊ ಸೇತುವೆ ಮೇಲೆ ಓಟಗಾರರು, ಅರ್ಧ ಊರಿನ ರಸ್ತೆ ಬಂದ್. ನಮ್ಮ ಪಂದ್ಯ ರಾಂಡಲ್ಸ್ ಐಲ್ಯಾಂಡಿನಲ್ಲಿ 9ಕ್ಕೆ. ಹಿಂದಿನ ರಾತ್ರಿ ಒಂದೇ ಮೆಸೇಜ್ ಹಾಕಿದೆ: "ಯಾರೂ ಗಡಿಯಾರ ನೋಡಬೇಡಿ. ಕಾರು ಬಂದಾಗ ಕೆಳಗಿರಿ." 7.40ಕ್ಕೆ ನಾಲ್ಕೂ ಕಾರು ಮೈದಾನದ ಪಕ್ಕ ನಿಂತಿದ್ದವು. ಟರ್ಫ್ ಮೇಲೆ ತೆಳ್ಳಗೆ ಹಿಮದ ಹುಡಿ. ಕೈ ಮರಗಟ್ಟಿ ನೆಟ್ಟಿನ ಪ್ಲಾಸ್ಟಿಕ್ ಟೈ ಎಳೆಯಲಿಕ್ಕೆ ಆಗುತ್ತಿರಲಿಲ್ಲ. ನೇಪಾಳದ ಹುಡುಗ ಹಲ್ಲಲ್ಲಿ ಕಚ್ಚಿ ಎಳೆದ. ರೆಫರಿ ಪಾಸ್‌ಗಳನ್ನು ಇಸ್ಪೀಟ್ ಎಲೆ ಹಾಗೆ ಹಿಡಿದುಕೊಂಡು ಒಬ್ಬೊಬ್ಬರ ಹೆಸರು ಕೂಗಿದರು. ಹದಿನೆಂಟು ಹೆಸರು, ಹದಿನೆಂಟು "ಹಿಯರ್". ಆಚೆ ಕಡೆ ಒಂಬತ್ತೇ ಜನ. ಸೇತುವೆ ಹತ್ತಿರ ಸಿಕ್ಕಿಹಾಕಿಕೊಂಡಿದ್ದ ಅವರ ಉಳಿದವರು ಬರುವಷ್ಟರಲ್ಲಿ ನಾವು 3-0 ಮುಂದಿದ್ದೆವು. 4-1ಕ್ಕೆ ಮುಗಿಯಿತು. ಖಜಾಂಚಿ ಬಂದು ನನ್ನ ಬೆನ್ನು ತಟ್ಟಿ, "ಅಣ್ಣಾ, ಮುಚ್ಚಲಿಲ್ಲ ಬಿಡು" ಅಂದ.

ಮಾರ್ಚ್‌ನ ಗಡಿಯಾರದ ಭಾನುವಾರ 17 ಜನ ಬಂದರು. ಹಿಂದಿನ ವರ್ಷ ತಪ್ಪು ಮೈದಾನಕ್ಕೆ ಹೋಗಿದ್ದ ಹುಡುಗ ಎಲ್ಲರಿಗಿಂತ ಮೊದಲು ಬಂದು, ಮೈದಾನದ ನಂಬರ್ ಬೋರ್ಡಿನ ಫೋಟೊ ತೆಗೆದು ಗ್ರೂಪಿಗೆ ಹಾಕಿದ. ಈಗ ಅದು ಅವನದೇ ಕೆಲಸ.

ಒಂದು ಪಂದ್ಯ ಮ್ಯಾಸ್‌ಪೆತ್‌ನ ಮೆಟ್ರೊಪಾಲಿಟನ್ ಓವಲ್‌ನಲ್ಲಿ ಬಿತ್ತು. 1925ರಲ್ಲಿ ಜರ್ಮನ್, ಹಂಗೇರಿಯನ್ ವಲಸಿಗರು ಮಾಡಿದ ಮೈದಾನ. ಸುತ್ತ ಮನೆಗಳು, ಆಚೆ ದೂರಕ್ಕೆ ಮ್ಯಾನ್‌ಹ್ಯಾಟನ್ ಕಟ್ಟಡಗಳು. ಅಲ್ಲಿ 2-1 ಸೋತೆವು. ಸೋತರೂ ಯಾರೂ ಬೇಗ ಮನೆಗೆ ಹೋಗಲಿಲ್ಲ. ನೂರು ವರ್ಷದಿಂದ ನಮ್ಮಂಥವರೇ ಬೆಳಗ್ಗೆ ಎದ್ದು ಬಂದು ಆಡಿದ ಜಾಗ ಅದು ಅನ್ನೋದು ಎಲ್ಲರ ಮೈಗೂ ತಾಗಿತ್ತು.

ಕೊನೆಗೆ 11 ಗೆಲುವು, 3 ಡ್ರಾ, 4 ಸೋಲು. 36 ಪಾಯಿಂಟ್, ಎರಡನೇ ಸ್ಥಾನ, ಮೇಲಿನ ಡಿವಿಷನ್‌ಗೆ ಬಡ್ತಿ. ಗೋಲುಗಳಲ್ಲಿ ಏಳೋ ಎಂಟೋ ಒಂದೇ ಥರದ ಕಾರ್ನರ್‌ನಿಂದ ಬಂದವು. ಅದನ್ನು ಮುಂದಿನ ಸೀಸನ್ ಮುಗಿದ ಮೇಲೆ ಬರೆಯುತ್ತೇನೆ. ಜೂನ್ ಕೊನೆಯ ಭಾನುವಾರ ಪಾರ್ಕಿನಲ್ಲಿ ಚಿಕನ್ ಸುಕ್ಕ, ನೀರ್‌ದೋಸೆ, ಮೊಮೊ ಜೊತೆಗೆ ಮುಂಗಡ ಹಂಚಿದೆವು. 180 ಪೂರ್ತಿ ವಾಪಸ್ ತಗೊಂಡವರು ನಾಲ್ಕು ಜನ. ಅದರಲ್ಲಿ ಮೂವರು ಕಾರಿನವರು, ನಾಲ್ಕನೆಯವನು ಸೀಸನ್ ಪೂರ್ತಿ ಸೇರಿಸಿ ತೊಂಬತ್ತು ನಿಮಿಷವೂ ಆಡದ ನಮ್ಮ ಎರಡನೇ ಕೀಪರ್. ಅವನಿಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು.

ಈ ಸಲ ಮುಂಗಡ 200 ಮಾಡಿದ್ದೇವೆ. ಹತ್ತೊಂಬತ್ತು ಜನ ಆಗಲೇ ಕೊಟ್ಟಿದ್ದಾರೆ. ಬಿಟ್ಟುಹೋಗಿದ್ದ ಆ ಇಬ್ಬರು ಒಳ್ಳೇ ಆಟಗಾರರಲ್ಲಿ ಒಬ್ಬ ವಾಪಸ್ ಬಂದಿದ್ದಾನೆ. ಬ್ರಾಂಕ್ಸ್ ಕಡೆಯಿಂದ ಬರುವ ಒಂದು ಕಾರು, ಎಡಗಾಲಲ್ಲಿ ಆಡುವ ಒಬ್ಬ ಡಿಫೆಂಡರ್ ಇನ್ನೂ ಬೇಕು.