ಟೆಲಿಮಾರ್ಕ್ ಸಜ್ಜು: ಬೂಟು ಮೊದಲು, ಸ್ಕೀ ಕೊನೆಗೆ

ಟೆಲಿಮಾರ್ಕ್ ಸಜ್ಜು ಕೊಳ್ಳಲು ಹೊರಟವರ ಕಣ್ಣು ಮೊದಲು ಸ್ಕೀ ಮೇಲೆ ಬೀಳುತ್ತದೆ. ನಾನು ಅದನ್ನು ಕೊನೆಗಿಟ್ಟೆ. ಟೆಲಿಮಾರ್ಕ್ ಎಂಬ ಈ ಸ್ಕೀಯಿಂಗ್ ಪದ್ಧತಿಯಲ್ಲಿ ಹಿಮ್ಮಡಿಯನ್ನು ಸ್ಕೀಗೆ ಬಿಗಿದಿರುವುದಿಲ್ಲ. ತಿರುವಿನಲ್ಲಿ ಮಂಡಿ ಬಗ್ಗಿಸಿ ಹಿಂದಿನ ಕಾಲಿನ ಹಿಮ್ಮಡಿ ಎತ್ತಿದಾಗ, ಆ ಸ್ಕೀ ಹಿಮವನ್ನು ಕಚ್ಚುವುದು ಬೆರಳುಗಳ ಬುಡದ ಉಬ್ಬಿನ ಮೇಲೆ ಬೀಳುವ ಭಾರದಿಂದ. ಬೂಟು ಸರಿಯಾಗಿ ಅಲ್ಲೇ ಮಡಚದಿದ್ದರೆ ಹಿಂದಿನ ಸ್ಕೀ ಸುಮ್ಮನೆ ತೇಲುತ್ತದೆ, ಎಷ್ಟು ಒಳ್ಳೆಯದಾದರೂ ಅಷ್ಟೇ.

ಮೊದಲು ನಿರ್ಧರಿಸಬೇಕಾದದ್ದು ಬೂಟಿನ ಮಾದರಿ. ಹಳೆಯದು 75 ಮಿಮೀ: ಬಾತುಕೋಳಿಯ ಕೊಕ್ಕಿನಂತೆ ಮುಂದೆ ಚಾಚಿದ ತಳ, ಅದರಡಿ ಮೂರು ತೂತು. ಹೊಸದು ರೊಟ್ಟೆಫೆಲ್ಲಾ ಕಂಪನಿ 2007ರಲ್ಲಿ ತಂದ ಎನ್‌ಟಿಎನ್ (ನ್ಯೂ ಟೆಲಿಮಾರ್ಕ್ ನಾರ್ಮ್). ಇದಕ್ಕೆ ಕೊಕ್ಕಿಲ್ಲ, ಅಂಗಾಲಿನ ಕೆಳಗೆ ಎರಡನೇ ಹಿಮ್ಮಡಿಯಂಥ ಒಂದು ಅಂಚಿದೆ, ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಕಟ್ಟಿಹಿಡಿಯುವ ಸಾಧನ, ಹಿಡಿಯುವುದು ಅದನ್ನೇ. 75ರಲ್ಲಿ ಕೇಬಲ್ ಹಿಮ್ಮಡಿಯನ್ನು ಬಳಸಿ ಬಂದು ಬೂಟನ್ನು ಹಿಂದಿನಿಂದ ಮುಂದಕ್ಕೆ ಒತ್ತುತ್ತದೆ. ಸ್ಪ್ರಿಂಗ್ ಬಿಗಿಯಾದಷ್ಟೂ ಬೆರಳು ಇರುಕುತ್ತದೆ. ಎನ್‌ಟಿಎನ್‌ನಲ್ಲಿ ಎಳೆತ ಅಂಗಾಲಿನ ಕೆಳಗಿರುವುದರಿಂದ ಈ ಕಾಟ ಕಡಿಮೆ, ಗಟ್ಟಿ ಹಿಮದಲ್ಲಿ ಅಂಚಿನ ಹಿಡಿತ ಹೆಚ್ಚು. ಕಳಚಿದ ಸ್ಕೀ ಜಾರಿಹೋಗದಂತೆ ತಡೆಯುವ ಬ್ರೇಕ್ ಇರುವ ಬೈಂಡಿಂಗ್‌ಗಳೂ ಸಿಗುತ್ತವೆ. ಅರ್ಧ ದಿನಗಳು ಲಿಫ್ಟಿನಲ್ಲಿ, ಅರ್ಧ ಕಾಲ್ನಡಿಗೆಯ ಏರಿನಲ್ಲಿ ಕಳೆಯುವುದರಿಂದ ನಾನು ಎನ್‌ಟಿಎನ್ ಆರಿಸಿಕೊಂಡೆ. ಹೆಚ್ಚು ಕಡಿದಲ್ಲದ ಗುಡ್ಡಗಳಲ್ಲಿ ದಿನವಿಡೀ ನಡೆಯುವವರಿಗೆ ಹಗುರ 75 ಬೂಟು, ಸಾದಾ ಕೇಬಲ್ ಇಂದಿಗೂ ಸಾಕು. ಅದರಲ್ಲಿ ಕೆಡುವಂಥ ಭಾಗಗಳೂ ಕಡಿಮೆ.

ಬೂಟಿನ ಅಳತೆಗೆ ಹೆಚ್ಚು ಸಮಯ ಕೊಡಿ. ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ತೆಗೆಯಿರಿ, 26.5 ಬಂದರೆ ಅದೇ ಮೊಂಡೊ ಅಳತೆ. 26 ಮತ್ತು 26.5ಕ್ಕೆ ಹೊರಚಿಪ್ಪು ಸಾಮಾನ್ಯವಾಗಿ ಒಂದೇ, ವ್ಯತ್ಯಾಸವಿರುವುದು ಒಳಗಿನ ಮೆತ್ತೆಯಲ್ಲಿ. ಆದ್ದರಿಂದ ಒಳಬೂಟು ತೆಗೆದು ಬರೀ ಚಿಪ್ಪಿನಲ್ಲಿ ಕಾಲಿಟ್ಟು, ಬೆರಳು ಮುಂದಿನ ಗೋಡೆಗೆ ತಾಗುವಂತೆ ನಿಂತು, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯಿತೆಂದು ನೋಡಬೇಕು. ನನಗೆ ಸರಿಹೊಂದುವುದು ಒಂದೂವರೆ ಬೆರಳಿನ ದಪ್ಪದಷ್ಟು, ಅಂದರೆ ಸುಮಾರು 15 ಮಿಮೀ. ಎರಡು ಬೆರಳು ದಾಟಿದರೆ ಆ ಚಿಪ್ಪನ್ನು ಕೆಳಗಿಡಿ. ದೊಡ್ಡ ಬೂಟು ಹಿತವಾಗಿರುತ್ತದೆ ಎಂಬ ಮಾತು ಇಲ್ಲಿ ತಿರುಗುಬಾಣ. ಬೂಟಿನ ಮುಂಭಾಗದಲ್ಲಿ ತಿದಿಯಂತೆ ಮಡಿಕೆಗಳಿರುತ್ತವಲ್ಲ, ಬೂಟು ದೊಡ್ಡದಾದರೆ ಅವು ನಿಮ್ಮ ಬೆರಳುಗಳ ಬುಡಕ್ಕಿಂತ ಮುಂದೆ ಸರಿದು, ಮಂಡಿ ಬಗ್ಗಿಸಿದಾಗಲೆಲ್ಲ ಬೆರಳುಗಳ ಮೇಲೆಯೇ ಕುಸಿಯುತ್ತವೆ. ಒಳಬೂಟು ಹಾಕಿ, ಬಕಲ್ ಬಿಗಿದು, ಹಿಂದಿನ ಕಾಲಿನ ಹಿಮ್ಮಡಿ ಎತ್ತಿ ಮಂಡಿ ಬಗ್ಗಿಸಿ ಐದು ನಿಮಿಷ ಅದೇ ಭಂಗಿಯಲ್ಲಿರಿ. ಬೆರಳಿನ ಮೇಲೆ ಗೀರಿದಂತೆ ನೋವು ಬಂದರೆ ಮೆತ್ತೆ ಬದಲಿಸಿ ಸರಿಪಡಿಸುವ ಆಸೆ ಬಿಡಿ. ಹೊಸ ಮಡಿಕೆ ಮೊದಮೊದಲು ಬಿರುಸಾಗಿರುತ್ತದೆ ನಿಜ, ಆದರೆ ಬಿರುಸು ಬೇರೆ, ತಪ್ಪು ಜಾಗದಲ್ಲಿ ಮಡಚುವುದು ಬೇರೆ.

ಏರುವ ಯೋಚನೆಯಿದ್ದರೆ ಬೂಟಿನ ಮೂತಿಯ ಎರಡು ಬದಿಗೂ ಲೋಹದ ಕುಳಿಗಳಿವೆಯೇ ನೋಡಿಕೊಳ್ಳಿ. ಏರುವಾಗ ಬೂಟಿನ ಮೂತಿಯನ್ನು ಎರಡು ಬದಿಯಿಂದ ಹಿಡಿಯುವ ಬೈಂಡಿಂಗಿನ ಟೆಕ್ ಪಿನ್ನುಗಳು ಕೂರುವುದು ಅಲ್ಲಿ, ಎಲ್ಲ ಎನ್‌ಟಿಎನ್ ಬೂಟಿನಲ್ಲೂ ಅವಿಲ್ಲ.

ಬೈಂಡಿಂಗ್ ಆರಿಸುವಾಗ ಕೇಳಿಕೊಳ್ಳಬೇಕಾದದ್ದು ಒಂದೇ: ಏರುವಾಗ ಕಾಲು ಸ್ಪ್ರಿಂಗಿನ ವಿರುದ್ಧ ಸೆಣಸಬೇಕೇ? ಫ್ರೀ ಪಿವಟ್, ಅಂದರೆ ಸ್ಪ್ರಿಂಗಿನ ತಡೆಯಿಲ್ಲದೆ ಬೂಟು ಮೂತಿಯ ಬಳಿ ತಿರುಗುವ ಏರ್ಪಾಡು, ಇಲ್ಲದಿದ್ದರೆ ಪ್ರತಿ ಹೆಜ್ಜೆಯಲ್ಲೂ ಸ್ಪ್ರಿಂಗ್ ಹಿಗ್ಗಿಸಿ ಹಿಮ್ಮಡಿ ಎತ್ತಬೇಕು. ಸಾವಿರ ಹೆಜ್ಜೆಯಾಗುವಷ್ಟರಲ್ಲಿ ಮೀನಖಂಡ ಸೋಲುತ್ತದೆ. ಲಿಫ್ಟೇ ಹೆಚ್ಚಾದರೆ 22 ಡಿಸೈನ್ಸ್‌ನ ಔಟ್‌ಲಾ ಎಕ್ಸ್‌ನಂಥದ್ದು ಬಾಳಿಕೆ ಬರುತ್ತದೆ. ಏರೇ ಹೆಚ್ಚಾದರೆ ಟೆಕ್ ಮೂತಿಯ ಲಿಂಕ್ಸ್ ಅಥವಾ ಮೇಜೊ: ಇವುಗಳಲ್ಲಿ ಏರುವಾಗ ಸ್ಕೀಗೆ ತಗಲಿರುವುದು ಮೂತಿಯ ಎರಡು ಪಿನ್ನುಗಳು ಮಾತ್ರ. 75ರಲ್ಲೇ ಇರುವವರಿಗೆ ವೊಯ್ಲೆ ಸ್ವಿಚ್‌ಬ್ಯಾಕ್‌ನಲ್ಲೂ ಫ್ರೀ ಪಿವಟ್ ಇದೆ. ಟೆಕ್ ಮೂತಿಯ ದೊಡ್ಡ ಶತ್ರು ಹಿಮಗಡ್ಡೆ. ಕುಳಿಯಲ್ಲಿ ಮಂಜು ಕೂತರೆ ಪಿನ್ ಪೂರ್ತಿ ಇಳಿಯದೆ ಬೂಟು ಹೇಳದೆ ಕಳಚಿಕೊಳ್ಳುತ್ತದೆ. ತೊಡುವ ಮುನ್ನ ಕುಳಿ ಕೆರೆಯುತ್ತೇನೆ. ತೊಟ್ಟ ಮೇಲೆ ಹಿಮ್ಮಡಿಯನ್ನು ನಾಲ್ಕೈದು ಬಾರಿ ಮೇಲೆ ಕೆಳಗೆ ಆಡಿಸಿ ಆಮೇಲೆಯೇ ಮೂತಿಯ ಲಿವರ್ ಬಿಗಿಯುತ್ತೇನೆ.

ಸ್ಕೀಗೆ ಟೆಲಿಮಾರ್ಕ್ ಎಂಬ ಮುದ್ರೆ ಬೇಕಿಲ್ಲ, ಹಿಮ್ಮಡಿ ಬಿಗಿದು ಜಾರುವ ಆಲ್ಪೈನ್ ಪದ್ಧತಿಯ ಸ್ಕೀಯೇ ನಡೆಯುತ್ತದೆ. ಲಿಫ್ಟು, ಏರು ಎರಡಕ್ಕೂ ಒಂದೇ ಜೋಡಿ ಸಾಕೆಂದರೆ ಸ್ಕೀಯ ಸೊಂಟದಲ್ಲಿ (ನಡುಭಾಗದಲ್ಲಿ) ಅಗಲ 88ರಿಂದ 98 ಮಿಮೀ, ಉದ್ದ ನಿಮ್ಮ ಮೂಗಿನಿಂದ ಹಣೆಯ ನಡುವೆ, ಒಂದೊಂದರ ತೂಕ 1,500 ಗ್ರಾಂ ಆಸುಪಾಸು. ಅದಕ್ಕಿಂತ ಹಗುರವಾದದ್ದು ಉಬ್ಬುತಗ್ಗಿನ ಗಟ್ಟಿ ಹಿಮದಲ್ಲಿ ಬಡಬಡಿಸುತ್ತದೆ. ತೀರ ಬಿರುಸು ಸ್ಕೀ ನನಗೆ ಹಿಡಿಸದು. ಹಿಂದಿನ ಕಾಲಿನ ಅರ್ಧ ಭಾರಕ್ಕೂ ಬಾಗುವಷ್ಟು ಮೆದು ಇರಬೇಕು.

ಬೈಂಡಿಂಗನ್ನು ಸ್ಕೀ ಮೇಲೆ ಕೂರಿಸುವುದರಲ್ಲಿ ಎಡವುವವರೇ ಹೆಚ್ಚು. ಹಳೆಯ ಸಲಹೆಯೊಂದಿದೆ, ಸ್ಕೀ ಉದ್ದದ ನಟ್ಟನಡುವೆ ಪಿನ್ ಗೆರೆ (75ರ ಬೂಟಿನ ಮೂರು ತೂತು ಕೂರುವ ಸಾಲು) ಇಡಿ ಎಂದು. ಈಗಿನ ಸ್ಕೀಗೆ ಹಾಗೆ ಮಾಡಿದರೆ ಕಾಲು ಕೆಲವು ಸೆಂಟಿಮೀಟರ್ ಹಿಂದೆ ಬಿದ್ದು ಸ್ಕೀಯ ಮೂತಿ ಮಾತು ಕೇಳುವುದಿಲ್ಲ. ಬೂಟಿನ ಬದಿಯ ನಡುಗೆರೆಯನ್ನು ಸ್ಕೀ ಮೇಲೆ ಅಚ್ಚಾದ ನಡುಗೆರೆಗೆ ಹೊಂದಿಸಿ, ಕಾಗದದ ಅಚ್ಚು ಅಂಟಿಸಿ, ಪಂಚಿನಿಂದ ಗುರುತು ಹೊಡೆದ ಮೇಲೆಯೇ ಡ್ರಿಲ್ ಎತ್ತಬೇಕು. ಲೋಹದ ಪದರವಿಲ್ಲದ ಸ್ಕೀಗೆ 3.6 ಮಿಮೀ ಬಿಟ್, ಲೋಹವಿದ್ದರೆ 4.1 ಹಾಕಿ, ತೂತಿನಲ್ಲಿ ಹಲ್ಲು ಕೊರೆಯುವ ಟ್ಯಾಪ್ ತಿರುಗಿಸಬೇಕು. ಆಳ ಎರಡಕ್ಕೂ 9 ಮಿಮೀ. ನಿಲುಗಡೆಯಿರುವ ಬಿಟ್ ಇಲ್ಲದೆ ಕೈ ಹಾಕಿದರೆ ತಳ ತೂತಾದೀತು. ನೀರಿಗೆ ಜಗ್ಗದ ಮರದ ಗೋಂದು ತೂತಿಗೆ ಹಾಕಿ, 3ನೇ ನಂಬರಿನ ಪೊಜಿಡ್ರೈವ್ ಸ್ಕ್ರೂಡ್ರೈವರಿನಿಂದ ಕರ್ಣಕ್ಕೆ ಕರ್ಣ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸಾದಾ ಫಿಲಿಪ್ಸ್ ಮೊನೆ ಸ್ಕ್ರೂವಿನ ತಲೆಯನ್ನು ಸವೆಸುತ್ತದೆ. ಮೋಟರಿನಿಂದ ಕೊನೆಯ ಸುತ್ತು ಕೊಟ್ಟರೆ ತೂತಿನ ಹಲ್ಲು ಕಿತ್ತುಬರುತ್ತದೆ.

ಸ್ಪ್ರಿಂಗ್ ಬಿಗಿತವನ್ನು ಕಡಿಮೆಯಿಂದ ಶುರು ಮಾಡಿ. ಹಿಂದಿನ ಸ್ಕೀ ಅಲೆದಾಡಿದರೆ ಒಂದು ಸುತ್ತು ಹೆಚ್ಚಿಸಿ. ಭಾರ ಬೆರಳ ತುದಿಗೆ ಹೋಗುತ್ತಿದ್ದರೆ ಬಿಗಿ ಅತಿಯಾಯಿತು ಎಂದೇ ಅರ್ಥ.

ಏರಿನ ಚೀಲದಲ್ಲಿ ಒಂದು ಬದಲಿ ಕೇಬಲ್ ಅಥವಾ ಸ್ಪ್ರಿಂಗ್, ಆ ಸ್ಕ್ರೂಡ್ರೈವರಿನ ಗಿಡ್ಡ ಮೊನೆ, ನಾಲ್ಕು ಸ್ಕ್ರೂ, ಹಲ್ಲು ಕಿತ್ತ ತೂತಿಗೆ ತುಂಬಲು ಉಕ್ಕಿನ ನಾರು ಮತ್ತು ಎಪಾಕ್ಸಿ, ಎರಡು ರಬ್ಬರ್ ಪಟ್ಟಿ ಇಟ್ಟಿರುತ್ತೇನೆ. ಮಂಡಿಗೆ ಗಟ್ಟಿ ಚಿಪ್ಪಿನ ಕಾಪು ಬೇಕೇ ಬೇಕು. ಬಗ್ಗಿದ ಮಂಡಿ ಕಲ್ಲಿಗೂ ತನ್ನದೇ ಸ್ಕೀಗೂ ಬಡಿಯುತ್ತದೆ. ಇನ್ನೊಂದು: ಬಹುತೇಕ ಟೆಲಿಮಾರ್ಕ್ ಬೈಂಡಿಂಗ್‌ಗಳು ಬಿದ್ದಾಗ ಆಲ್ಪೈನ್‌ನವುಗಳಂತೆ ಬೂಟನ್ನು ನೆಚ್ಚುವಂತೆ ಬಿಡುವುದಿಲ್ಲ. ಬ್ರೇಕ್ ಇಲ್ಲದಿದ್ದರೆ ರೆಸಾರ್ಟಿನಲ್ಲಿ ಕಾಲಿಗೆ ಲೀಶ್ (ಸ್ಕೀಯನ್ನು ಕಾಲಿಗೆ ಕಟ್ಟುವ ಪಟ್ಟಿ) ಕಟ್ಟಿಕೊಳ್ಳುತ್ತೇನೆ, ಹಿಮರಾಶಿ ಕುಸಿದು ಜಾರುವ ಇಳಿಜಾರಿನಲ್ಲಿ ಅದನ್ನು ಬಿಚ್ಚುತ್ತೇನೆ. ಹಿಮದಡಿ ಸಿಕ್ಕಿದಾಗ ಕಾಲಿಗೆ ಕಟ್ಟಿದ ಸ್ಕೀ ಲಂಗರಿನಂತೆ ಕೆಳಕ್ಕೆ ಎಳೆಯುತ್ತದೆ.