ಕಲ್ಲು ಹೇಳಿದ್ದೇನು, ಪುಸ್ತಕ ಹೇಳಿದ್ದೇನು: ನೋಟ್ಸ್ ಬೇರೆ ಬೇರೆ ಇಡಿ

ಡಿಗ್ರೀಲಿದ್ದಾಗ ಅಸೈನ್‌ಮೆಂಟಲ್ಲಿ "ಹಲ್ಮಿಡಿ ಶಾಸನದಲ್ಲಿ ಕ್ರಿ.ಶ. 450 ಅಂತ ಇದೆ" ಅಂತ ಬರ್ದಿದ್ದೆ, ಮೇಷ್ಟ್ರು ಪಕ್ಕದಲ್ಲಿ "ಎಷ್ಟನೇ ಸಾಲು?" ಅಂತ ಗೀಚಿ ವಾಪಸ್ ಕೊಟ್ರು. 16 ಸಾಲೂ ಹುಡುಕ್ದೆ, ಕಲ್ಲಲ್ಲಿ ಇಸವೀನೇ ಇಲ್ಲ ಮಾರಾಯ್ರೆ! ಲಿಪಿ ನೋಡಿ, ಕದಂಬ ರಾಜ ಕಾಕುಸ್ಥನ ಹೆಸರು ನೋಡಿ ವಿದ್ವಾಂಸರು ಹಾಕಿರೋ ಅಂದಾಜು ಅದು, ಅದನ್ನೂ ಎಲ್ರೂ ಒಪ್ಪಲ್ಲ. ಶಾಸನ ಪ್ರೈಮರಿ (ಆ ಕಾಲದ್ದೇ ಮೂಲ), 450 ಅನ್ನೋದು ಸೆಕೆಂಡರಿ (ಮೂಲ ನೋಡಿ ಆಮೇಲಿನವರು ಹೇಳಿದ್ದು), ನಾನು ಎರಡನ್ನೂ ಕಲಸಿ ಚಿತ್ರಾನ್ನ ಮಾಡಿದ್ದೆ.

ಶುರು ಮಾತ್ರ ಸೆಕೆಂಡರಿಯಿಂದಾನೇ ಮಾಡಿ, ನೇರ ಹಳಗನ್ನಡದ ಪಾಠಕ್ಕೆ ಕೈ ಹಾಕಿದ್ರೆ ತಲೆ ಕೆಡತ್ತೆ. ಎರಡು ಮೂರು ಒಳ್ಳೆ ಲೇಖನ ಓದಿ, ಓದುವಾಗ ಅಡಿಟಿಪ್ಪಣಿ ಬಿಡಬೇಡಿ, ಮೂಲಕ್ಕೆ ದಾರಿ ಇರೋದೇ ಅಲ್ಲಿ. "ಎ.ಕ. 5, ಬೇಲೂರು" ಅಂತ ಬಂದು ಮುಂದೊಂದು ನಂಬರ್ ಇದ್ರೆ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 5ನೇ ಸಂಪುಟ (ಹಾಸನ ಜಿಲ್ಲೆಯದ್ದು), ಬೇಲೂರು ತಾಲ್ಲೂಕಿನ ಆ ನಂಬರಿನ ಶಾಸನ ಅಂತ. ಇದನ್ನ ಸಂಪಾದಿಸಿದ ಬಿ.ಎಲ್. ರೈಸ್ ಅವರ ಹಳೇ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಫ್ರೀ. ಆದ್ರೆ ಹಾಸನದ ಆ ಸಂಪುಟ ಬಂದಿದ್ದು 1902ರಲ್ಲಿ, ಹಲ್ಮಿಡಿ ಶಾಸನ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರಿಗೆ ಸಿಕ್ಕಿದ್ದು 1936ರಲ್ಲಿ, ಹಾಗಾಗಿ ಅದ್ರಲ್ಲಿ ಹುಡುಕಿದ್ರೆ ಸಿಗಲ್ಲ (ನಾನು ಒಂದಿಡೀ ಸಂಜೆ ಹುಡುಕಿದೀನಿ), ಮೈಸೂರು ಪುರಾತತ್ವ ಇಲಾಖೆಯ ಆ ವರ್ಷದ ವರದಿ ನೋಡ್ಬೇಕು.

ನೋಟ್ಸಿಗೆ ಹಾಳೆ ಮೇಲೆ ಮೂರು ಕಾಲಂ ಎಳೀರಿ. ಮೊದಲ್ನೇದ್ರಲ್ಲಿ ಕಲ್ಲಲ್ಲಿ ಇರೋದಷ್ಟೇ: ಪಲ್ಮಡಿ, ಮೂಳಿವಳ್ಳಿ ಅನ್ನೋ ಊರುಗಳನ್ನ ವಿಜ ಅರಸನಿಗೆ "ಬಾಳ್ಗಳ್ಚು" ಅಂತ ಕೊಟ್ರು. ಎರಡನೇದ್ರಲ್ಲಿ ಯಾರು ಏನಂದ್ರು: ಪಲ್ಮಡಿ ಅಂದ್ರೆ ಈಗಿನ ಹಲ್ಮಿಡಿ, ಬಾಳ್ಗಳ್ಚು ಅಂದ್ರೆ ಕತ್ತಿ ತೊಳೆಯೋದು, ಅಂದ್ರೆ ಯುದ್ಧದಲ್ಲಿ ಹೋರಾಡಿದ್ದಕ್ಕೆ ಕೊಟ್ಟ ದತ್ತಿ. ಹೇಳಿದವರ ಹೆಸರು, ಪುಟ ಅಲ್ಲೇ ಹಾಕಿ, ಆಮೇಲೆ ಹಾಕ್ತೀನಿ ಅಂದ್ರೆ ಮುಗೀತು ಕತೆ. ಮೂರನೇದು ನಿಮ್ಮ ಡೌಟು.

ಔಟ್‌ಲೈನ್ ಹುಟ್ಟೋದು ಈ ಮೂರನೇ ಕಾಲಮ್ಮಿಂದ. "ಪೀಠಿಕೆ, ವಿಷಯ, ಉಪಸಂಹಾರ" ಅಂತ ಬರ್ದಿಟ್ರೆ ಏನೂ ಮುಂದೆ ಹೋಗಲ್ಲ, "ಇಸವಿ ಇಲ್ದೆ ಕಾಲ ಹೇಗೆ ಹೇಳಿದ್ರು?" ಅನ್ನೋ ತರ ಪ್ರಶ್ನೇನೇ ಹೆಡ್ಡಿಂಗ್ ಮಾಡಿ, ಕೆಳಗೆ ಮೊದ್ಲು ಮೂಲದ ಸಾಲು, ಆಮೇಲೆ ವಿದ್ವಾಂಸರ ವಾದ. ಮೂಲದ ಸಾಲೇ ಸಿಗದಿರೋ ಹೆಡ್ಡಿಂಗನ್ನ ನಾನಂತೂ ತೆಗ್ದೇ ಬಿಡ್ತೀನಿ.

ಹಾಗಂತ ಪ್ರೈಮರಿ ಎಲ್ಲಾ ಸತ್ಯ ಅಂತಲ್ಲ, ರಾಜನ ಹೊಗಳಿಕೆ ಭಾಗ ಓದಿದ್ರೆ ಅವ್ನು ಸೋತಿದ್ದೇ ಇಲ್ಲ ಅನ್ಸತ್ತೆ. ಅಚ್ಚಾಗಿರೋ ಪಾಠಾನೂ ಒಬ್ರು ಓದಿ ಬರ್ಕೊಂಡಿದ್ದೇ, ಅಕ್ಷರ ಸವೆದಿರೋ ಕಡೆ ಕಲ್ಲಿನ ಫೋಟೋ ಪಕ್ಕದಲ್ಲಿಟ್ಕೊಂಡು ನೋಡಿ.